ಅಪ್ಪನ ಹಿಮ್ಮಡಿ

ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ ನಮ್ಮ ಮನೆಯಲ್ಲಿ ಎಲ್ಲರಿಗೂ ಎಣ್ಣೆಸ್ನಾನ. ಅಪ್ಪನ ತಲೆಗೆ, ಬೆನ್ನಿಗೆ ಎಣ್ಣೆ ಹಚ್ಚುವುದು ಅಮ್ಮನ ಕೆಲಸ, ಕಾಲು ನನ್ನ ಪಾಲು. ಮಣೆಯ ಮೇಲೆ ಕೂತು ಕಾಲು ಚಾಚಿದ ಅಪ್ಪನ ಹಿಮ್ಮಡಿಯ ಹಿಂದೆ, ಮೀನಖಂಡದಿಂದ ಇಳಿದು ಬರುವ ಆ ಗಟ್ಟಿ ನರವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೀವುತ್ತಿದ್ದೆ. ನನ್ನ ಕಾಲಿನಲ್ಲಿ ಅದು ಬಿಗಿದ ದಾರದ ಹಾಗೆ ತೆಳ್ಳಗಿತ್ತು. ಅಪ್ಪನದು ಬಾವಿ ಹಗ್ಗದಷ್ಟು ದಪ್ಪ, ಅದರಲ್ಲೂ ನಡುನಡುವೆ ಗಂಟು. ಒತ್ತಿದರೆ ನೋವಿಲ್ಲ. ಚರ್ಮದ ಕೆಳಗೆ ಯಾರೋ ಹುಣಸೆಬೀಜ ಪೋಣಿಸಿಟ್ಟಂತೆ. ಬೆರಳ ಗೆಣ್ಣುಗಳ ಮೇಲೂ ಅಂಥವೇ ಸಣ್ಣ ಗಂಟುಗಳಿದ್ದವು, ಅಪ್ಪ ಮುಷ್ಟಿ ಬಿಗಿದು ಬಿಟ್ಟರೆ ಅವೂ ಜೊತೆಗೇ ಸರಿದಾಡುತ್ತಿದ್ದವು. ಏನಪ್ಪ ಇದು ಅಂದರೆ, "ನಡೆದೂ ನಡೆದೂ ಬಂದದ್ದು ಮಾರಾಯ" ಎನ್ನುತ್ತಿದ್ದರು.

ನಡೆಯುತ್ತಿದ್ದದ್ದು ನಿಜವೇ. ಕೊಪ್ಪದ ಕಡೆಯ ಗುಡ್ಡಗಳಲ್ಲಿ ಅಂಚೆ ಹಂಚುವ ಕೆಲಸ ಅವರದು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಏರು. ದಿನಕ್ಕೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಆಗುತ್ತಿತ್ತು. ಮೈಯಲ್ಲಿ ಒಂದು ಗುಲಗಂಜಿ ಬೊಜ್ಜಿರಲಿಲ್ಲ. ಬೀಡಿ ಇಲ್ಲ, ಕುಡಿತ ಇಲ್ಲ, ಹೆಚ್ಚೆಂದರೆ ಒಂದು ಕವಳ. ಅಂಥ ಮನುಷ್ಯ 1993ರ ಮಾರ್ಚಿನ ಒಂದು ಮಧ್ಯಾಹ್ನ ಊಟಕ್ಕೆ ಬಂದು, ಚೀಲ ಇಳಿಸಿ, ಉಂಡು, ಜಗಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಅವರಿಗೆ 44, ನನಗೆ 11. ಎರಡು ವರ್ಷದ ಹಿಂದೆ ದೊಡ್ಡಪ್ಪ ಹೀಗೇ ಹೋಗಿದ್ದರು. ಅಜ್ಜನೂ ಐವತ್ತು ದಾಟಿರಲಿಲ್ಲ.

ಹನ್ನೊಂದನೇ ದಿನಕ್ಕೆ ಬಂದ ನೆಂಟರಲ್ಲಿ ಒಬ್ಬರು, ಅಮ್ಮನಿಗೆ ಕೇಳಿಸಲೆಂದೇ ಎಂಬಂತೆ, ಒಳಮನೆಯಲ್ಲಿ ಹೇಳಿದರು: "ತುಪ್ಪ ಸುರಿದೂ ಸುರಿದೂ ಕೊಂದಳು." ನಮ್ಮಲ್ಲಿ ಆಗ ಎರಡು ಹಸು ಇದ್ದವು, ಬೆಣ್ಣೆ ಕಾಸುವುದರಲ್ಲಿ ಅಮ್ಮನ ಕೈ ಹದ ಊರಿಗೇ ಗೊತ್ತಿತ್ತು. ಅಮ್ಮ ತಿರುಗಿ ಒಂದು ಮಾತೂ ಆಡಲಿಲ್ಲ. ಆ ವರ್ಷದಿಂದ ನಮ್ಮ ಮನೆಯಲ್ಲಿ ತುಪ್ಪ ಕಾಸುವುದು ನಿಂತಿತು. ಹಾಲೆಲ್ಲ ಡೈರಿಗೆ ಹೋಯಿತು. ಅಮ್ಮ ತನ್ನ ತಟ್ಟೆಗೂ ಮತ್ತೆಂದೂ ತುಪ್ಪ ಬಡಿಸಿಕೊಂಡದ್ದನ್ನು ನಾನು ನೋಡಿಲ್ಲ.

ನನಗೆ 37 ಆದಾಗ ಕಚೇರಿಯಲ್ಲಿ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ನನ್ನ ವರದಿಯಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಎಂಬಲ್ಲಿ 268 ಎಂದಿತ್ತು. ನೂರರ ಆಸುಪಾಸಿನಲ್ಲಿ ಇರಬೇಕಾದದ್ದು. ಶಿಬಿರದಲ್ಲಿದ್ದವರು ವರದಿಯನ್ನೇ ನೋಡುತ್ತ, "ಜಿಡ್ಡು ಬಿಡಿ, ವಾಕಿಂಗ್ ಮಾಡಿ" ಅಂದರು. ಮಾಡಿದೆ. ಆರು ತಿಂಗಳು ದೋಸೆಗೆ ಎಣ್ಣೆ ಇಲ್ಲ, ತೆಂಗಿನಕಾಯಿ ಇಲ್ಲ, ಮೊಸರಿನ ಕೆನೆ ಇಲ್ಲ. ತೂಕ ಐದು ಕಿಲೋ ಇಳಿಯಿತು. ಎಲ್‌ಡಿಎಲ್ 251ಕ್ಕೆ ಬಂದು ನಿಂತಿತು. ನಾನು ಕದ್ದು ತಿನ್ನುತ್ತಿದ್ದೇನೆ ಎಂದೇ ಎದುರಿನವರ ಮುಖ ಹೇಳುತ್ತಿತ್ತು. ಅಮ್ಮನ ಮೇಲೆ ಬಿದ್ದಿದ್ದ ಆ ನೋಟ ಈಗ ನನ್ನ ಮೇಲೆ ಬಿದ್ದಿತ್ತು.

ಸ್ನೇಹಿತನೊಬ್ಬನ ಒತ್ತಾಯಕ್ಕೆ ಬೇರೆ ವೈದ್ಯರ ಹತ್ತಿರ ಹೋದೆ. ಅವರು ವರದಿ ನೋಡಿದವರೇ, "ಶೂ, ಸಾಕ್ಸ್ ತೆಗೆಯಿರಿ" ಅಂದರು. ಎದೆ ತೋರಿಸಲು ಬಂದವನು ಕಾಲು ಯಾಕೆ ತೋರಿಸಬೇಕು ಎಂದು ತಬ್ಬಿಬ್ಬಾದೆ. ಅವರು ಬಗ್ಗಿ, ನನ್ನ ಹಿಮ್ಮಡಿಯ ಹಿಂದಿನ ನರವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಮೇಲಿಂದ ಕೆಳಕ್ಕೆ ನೀವಿದರು. ನನ್ನ ಬೆನ್ನಲ್ಲಿ ಚಳಿ ಹರಿಯಿತು. ಆ ಹಿಡಿತ ನನಗೆ ಗೊತ್ತಿತ್ತು. ಅವರು ಬಾಯಿ ಬಿಡುವ ಮೊದಲೇ ನಾನೇ ಹೇಳಿದೆ: ನಮ್ಮ ತಂದೆಗೂ ಹೀಗೇ ಇತ್ತು.

ಆ ಗಂಟಿಗೆ ಕ್ಸಾಂಥೋಮಾ ಎಂದು ಹೆಸರು. ರಕ್ತದಲ್ಲಿ ಹೆಚ್ಚಾಗಿ ಉಳಿದ ಕೊಲೆಸ್ಟ್ರಾಲ್ ವರ್ಷಗಟ್ಟಲೆ ಸ್ನಾಯುವಿನ ತುದಿಯಲ್ಲಿ ಕೂತು ಗಟ್ಟಿಯಾದದ್ದು. ಕಾಲಲ್ಲಿ ಕೂತದ್ದು ಕಣ್ಣಿಗೆ ಕಾಣುತ್ತದೆ, ಹೃದಯದ ರಕ್ತನಾಳದಲ್ಲಿ ಕೂತದ್ದು ಕಾಣುವುದಿಲ್ಲ. ವೈದ್ಯರು ಒಂದು ಹಾಳೆಯ ಮೇಲೆ ಜೀವಕೋಶ ಎಂದು ಒಂದು ವೃತ್ತ ಬರೆದು, ಅದರ ಅಂಚಿಗೆ ಪುಟ್ಟ ಕೊಕ್ಕೆಗಳನ್ನು ಬಿಡಿಸಿ, "ನಿಮ್ಮಲ್ಲಿ ಇವು ಅರ್ಧಕ್ಕರ್ಧ ಇಲ್ಲ" ಅಂದರು. ಆ ಕೊಕ್ಕೆಯೇ ಎಲ್‌ಡಿಎಲ್ ರಿಸೆಪ್ಟರ್. ಆಮೇಲಿನ ಮೂರು ತಿಂಗಳು ನಾನು ಓದಿದ್ದೆಲ್ಲ ಅದರ ಬಗ್ಗೆಯೇ. ಓದುತ್ತ ಹೋದಂತೆ, ನನ್ನ ಮನೆಯ ಕತೆಯನ್ನೇ ಯಾರೋ ಬೇರೆ ದೇಶದಲ್ಲಿ ಕೂತು ಬಿಡಿಸಿಟ್ಟಿದ್ದಾರೆ ಅನ್ನಿಸಿತು.

ಕೊಲೆಸ್ಟ್ರಾಲ್ ವಿಷವೇನೂ ಅಲ್ಲ. ಅದಿಲ್ಲದೆ ಜೀವಕೋಶದ ಪೊರೆ ನಿಲ್ಲುವುದಿಲ್ಲ, ಕೆಲವು ಹಾರ್ಮೋನುಗಳು ಹುಟ್ಟುವುದಿಲ್ಲ, ಪಿತ್ತರಸ ಆಗುವುದಿಲ್ಲ. ಆದರೆ ಅದು ನೀರಿನಲ್ಲಿ ಕರಗದು, ರಕ್ತ ಬಹುಪಾಲು ನೀರು. ಹಾಗಾಗಿ ದೇಹ ಅದನ್ನು ಪೊಟ್ಟಣ ಕಟ್ಟಿ ಸಾಗಿಸುತ್ತದೆ. ಆ ಪೊಟ್ಟಣವೇ ಎಲ್‌ಡಿಎಲ್ ಕಣ. ಒಂದು ಮಿಲಿಮೀಟರಿನ ಉದ್ದಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು, ಅಷ್ಟು ಚಿಕ್ಕದು. ಆದರೂ ಪ್ರತಿಯೊಂದರ ಹೊಟ್ಟೆಯಲ್ಲಿ ಸುಮಾರು 1500 ಕೊಲೆಸ್ಟ್ರಾಲ್ ಅಣುಗಳು, ಮೈಸುತ್ತ ಒಂದೇ ಒಂದು ಉದ್ದನೆಯ ಪ್ರೋಟೀನ್. ಆ ಪ್ರೋಟೀನೇ ವಿಳಾಸ. ಜೀವಕೋಶದ ಮೇಲ್ಮೈಯಲ್ಲಿರುವ ರಿಸೆಪ್ಟರ್ ವಿಳಾಸ ಓದಿ, ಕಣವನ್ನು ಹಿಡಿದುಕೊಳ್ಳುತ್ತದೆ. ಅದು ನಿಂತ ಜಾಗ ಗುಳಿಬಿದ್ದು ಒಳಕ್ಕೆ ಮಡಚಿಕೊಂಡು ಒಂದು ಗುಳ್ಳೆಯಾಗುತ್ತದೆ. ಒಳಗೆ ಹೋದ ಮೇಲೆ ಸುತ್ತ ಆಮ್ಲದ ಅಂಶ ಏರುತ್ತದೆ, ರಿಸೆಪ್ಟರ್ ಹಿಡಿತ ಸಡಿಲಿಸಿ ಹೊರೆ ಇಳಿಸಿ, ಖಾಲಿ ಕೈಯಲ್ಲಿ ಮತ್ತೆ ಮೇಲ್ಮೈಗೆ ಬರುತ್ತದೆ. ಒಂದು ಸುತ್ತಿಗೆ ಸುಮಾರು ಹತ್ತು ನಿಮಿಷ. ಅದರ ಆಯುಷ್ಯ 20 ಗಂಟೆಯ ಆಸುಪಾಸು. ಅಷ್ಟರಲ್ಲಿ ನೂರಕ್ಕೂ ಮಿಕ್ಕಿ ಸಲ ಹೋಗಿ ಬರುತ್ತದೆ. ಈ ಭಾಗ ಓದಿದ ರಾತ್ರಿ ನನಗೆ ಕಣ್ಣಿಗೆ ಕಟ್ಟಿದ್ದು ಸಂಜೆ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಗುಡ್ಡ ಇಳಿದು ಬರುತ್ತಿದ್ದ ಅಪ್ಪ.

ಈ ಕೆಲಸ ಅತಿ ಹೆಚ್ಚು ನಡೆಯುವುದು ಯಕೃತ್ತಿನಲ್ಲಿ. ಅಲ್ಲಿ ರಿಸೆಪ್ಟರ್ ಕಡಿಮೆಯಾದರೆ ಪೊಟ್ಟಣಗಳು ಬಾಗಿಲು ಸಿಗದೆ ರಕ್ತದಲ್ಲೇ ಸುತ್ತುತ್ತ ಉಳಿಯುತ್ತವೆ. ಅವು ಹೀಗೆ ಅಲೆದಷ್ಟೂ ರಕ್ತನಾಳದ ಗೋಡೆಗೆ ನುಸುಳುವುದು ಹೆಚ್ಚು. ಇಷ್ಟು ನಡೆಯಲು ತುಪ್ಪ ಬೇಕಾಗಿಲ್ಲ. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ತಿನ್ನುವುದು ಲೆಕ್ಕಕ್ಕೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಬೆಣ್ಣೆ ತುಪ್ಪದ ಜಿಡ್ಡು ಈ ರಿಸೆಪ್ಟರುಗಳ ಕೆಲಸವನ್ನು ತುಸು ತಗ್ಗಿಸುತ್ತದೆ, ನಾನೂ ಮಿತಿಯಲ್ಲೇ ಇದ್ದೇನೆ. ಆದರೆ 268ನ್ನು 251ಕ್ಕೆ ಇಳಿಸಲು ಅರ್ಧ ವರ್ಷ ಹಿಡಿದವನಿಗೆ ಪಥ್ಯದ ಶಕ್ತಿ ಎಷ್ಟೆಂದು ಗೊತ್ತಾಗಿದೆ.

ಈ ಮನೆತನದ ಕಾಯಿಲೆಯನ್ನು 1930ರ ದಶಕದಲ್ಲೇ ಗುರುತಿಸಿದವರು ನಾರ್ವೆಯ ಕಾರ್ಲ್ ಮುಲ್ಲರ್ ಎಂಬ ವೈದ್ಯರು. ಕೈಕಾಲಿನ ಗಂಟು, ರಕ್ತದ ಕೊಲೆಸ್ಟ್ರಾಲ್, ಎಳೆಯ ವಯಸ್ಸಿನ ಹೃದಯಾಘಾತ, ಈ ಮೂರೂ ಒಂದೇ ಮನೆಯಲ್ಲಿ ಇಳಿದು ಬರುತ್ತವೆ ಎಂದು ಅವರು ತೋರಿಸಿದರು. 1964ರಲ್ಲಿ ಲೆಬನಾನಿನ ಕುಟುಂಬಗಳನ್ನು ಅಭ್ಯಾಸ ಮಾಡಿದ ಅವೆಡಿಸ್ ಖಚದೂರಿಯನ್, ಇದರಲ್ಲಿ ಎರಡು ತರ ಇದೆ ಎಂದು ಸ್ಪಷ್ಟಪಡಿಸಿದರು: ಕೆಟ್ಟ ಜೀನ್ ಒಬ್ಬರೇ ಹೆತ್ತವರಿಂದ ಬಂದರೆ ಒಂದು ತೀವ್ರತೆ, ಇಬ್ಬರಿಂದಲೂ ಬಂದರೆ ಮಗುವಿಗೇ ಹೃದಯಾಘಾತ. ಏಕೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಅದನ್ನು ಬಿಡಿಸಿದ ಜೋಡಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1966ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಹೊಸ ವೈದ್ಯರಾಗಿ ಪರಿಚಯವಾಗಿ ಗೆಳೆಯರಾದವರು. ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದಾಗ, ಎರಡೂ ಕಡೆಯಿಂದ ಕೆಟ್ಟ ಜೀನ್ ಪಡೆದ ಆರು ವರ್ಷದ ಹುಡುಗಿ, ಎಂಟು ವರ್ಷದ ಅವಳ ಅಣ್ಣ ಅಲ್ಲಿ ಚಿಕಿತ್ಸೆಯಲ್ಲಿದ್ದರು. ಆ ವಯಸ್ಸಿಗೇ ಹೃದಯದ ಕಾಯಿಲೆ. ಆ ಮಕ್ಕಳನ್ನು ಕಂಡದ್ದೇ ಇವರಿಬ್ಬರ ಜೀವಮಾನದ ಕೆಲಸಕ್ಕೆ ಮೊದಲಾಯಿತು.

ಎಪ್ಪತ್ತರ ದಶಕದ ಆರಂಭದಲ್ಲಿ ಡಲ್ಲಾಸ್‌ನಲ್ಲಿ ಅವರು ಮಾಡಿದ ಪ್ರಯೋಗವನ್ನು ನಾನು ಎಷ್ಟು ಸಲ ಓದಿದರೂ ದಣಿಯುವುದಿಲ್ಲ. ರೋಗಿಗಳ ಯಕೃತ್ತು ತೆಗೆದು ನೋಡುವಂತಿಲ್ಲ. ಅವರು ಚರ್ಮದ ಚೂರೊಂದನ್ನು ತೆಗೆದು, ಅದರ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಕೋಶಕ್ಕೆ ಹೊರಗಿನಿಂದ ಎಲ್‌ಡಿಎಲ್ ಸಿಕ್ಕರೆ ಅದು ತನ್ನೊಳಗೆ ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವನ್ನು ನಿಲ್ಲಿಸುತ್ತದೆ, ಸಂತೆಯಿಂದ ಅಕ್ಕಿ ಬಂದ ಮೇಲೆ ಭತ್ತ ಕುಟ್ಟುವುದನ್ನು ಬಿಟ್ಟ ಹಾಗೆ. ಆರೋಗ್ಯವಂತರ ಕೋಶಗಳು ಹಾಗೆಯೇ ಮಾಡಿದವು. ರೋಗಿಗಳ ಕೋಶಗಳು ಎಷ್ಟು ಎಲ್‌ಡಿಎಲ್ ಸುರಿದರೂ ನಿಲ್ಲಿಸಲಿಲ್ಲ. ಕಿಣ್ವದ ಕೆಲಸ ಆರೋಗ್ಯವಂತರ ಕೋಶದ 40 ಪಟ್ಟಿಗೂ ಹೆಚ್ಚು. ಹಾಗಾದರೆ ಕಿಣ್ವವೇ ಕೆಟ್ಟಿದೆ ಎಂದು ಯಾರಾದರೂ ಅಂದುಕೊಳ್ಳಬೇಕು, ಅವರೂ ಮೊದಲು ಅಂದುಕೊಂಡದ್ದು ಅದನ್ನೇ. ಆದರೆ ಪೊಟ್ಟಣದಿಂದ ಬಿಡಿಸಿದ ಕೊಲೆಸ್ಟ್ರಾಲನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಅದೇ ಕೋಶಗಳಿಗೆ ಹಾಕಿದರು. ಹೀಗೆ ಹಾಕಿದರೆ ಅದು ಬಾಗಿಲಿನ ಹಂಗಿಲ್ಲದೆ ಪೊರೆಯ ಮೂಲಕವೇ ಒಳಗೆ ಇಳಿಯುತ್ತದೆ. ಈಗ ರೋಗಿಯ ಕೋಶವೂ ತಕ್ಷಣ ತಯಾರಿಕೆ ನಿಲ್ಲಿಸಿತು! ಒಳಗಿನ ಯಂತ್ರವೆಲ್ಲ ಸರಿಯಾಗಿಯೇ ಇತ್ತು. ಹೊರಗೆ ಬಂದು ನಿಂತದ್ದು ಒಳಗೆ ತಿಳಿಯುತ್ತಿರಲಿಲ್ಲ, ಅಷ್ಟೇ. 1974ರಲ್ಲಿ ವಿಕಿರಣ ಸೂಸುವ ಅಯೋಡಿನ್ ಅಂಟಿಸಿದ ಎಲ್‌ಡಿಎಲ್ ಬಳಸಿ ಅವರು ಅದನ್ನು ನೇರವಾಗಿಯೇ ತೋರಿಸಿದರು: ಆರೋಗ್ಯವಂತರ ಕೋಶಕ್ಕೆ ಅದು ಅಂಟಿಕೊಳ್ಳುತ್ತದೆ, ಎರಡೂ ಜೀನ್ ಕೆಟ್ಟವರ ಕೋಶಕ್ಕೆ ಅಂಟುವುದೇ ಇಲ್ಲ.

ಆಮೇಲೆ ಸಿಕ್ಕ ಒಬ್ಬ ಹುಡುಗನ ಕೋಶಗಳಲ್ಲಿ ಇನ್ನೊಂದು ವಿಚಿತ್ರ. ರಿಸೆಪ್ಟರ್ ಇದೆ, ಎಲ್‌ಡಿಎಲ್ ಹಿಡಿಯುತ್ತದೆ, ಆದರೆ ಒಳಗೆ ಒಯ್ಯುವುದಿಲ್ಲ. ರಿಚರ್ಡ್ ಆಂಡರ್ಸನ್ ಜೊತೆಗೂಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗುಳಿ ಬೀಳುವ ಜಾಗದಲ್ಲಿ ನಿಲ್ಲಬೇಕಾದ ರಿಸೆಪ್ಟರುಗಳು ಕೋಶದ ಮೈತುಂಬ ಚದುರಿ ನಿಂತಿದ್ದವು. ಜೀನ್ ಓದಲು ಬಂದ ಮೇಲೆ ಕಾರಣ ಸಿಕ್ಕಿತು. 839 ಅಮೈನೋ ಆಮ್ಲಗಳ ಸರಪಳಿಯಲ್ಲಿ 807ನೆಯದೊಂದು ಬದಲಾಗಿತ್ತು, ಟೈರೋಸಿನ್ ಇರಬೇಕಾದಲ್ಲಿ ಸಿಸ್ಟೀನ್. ಅಷ್ಟು ದೊಡ್ಡ ಸರಪಳಿಯಲ್ಲಿ ಒಂದೇ ಕೊಂಡಿ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಯಕೃತ್ತಿನ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಟೆಕ್ಸಾಸಿನ ಸ್ಟಾರ್ಮಿ ಜೋನ್ಸ್ ಎಂಬ ಬಾಲಕಿಯೇ ಸಾಕ್ಷಿ. ಆರನೇ ವಯಸ್ಸಿಗೆ ಅವಳ ಹೃದಯ ಸೋತಿತ್ತು. 1984ರ ಫೆಬ್ರವರಿ 14ರಂದು ಪಿಟ್ಸ್‌ಬರ್ಗ್‌ನಲ್ಲಿ ಹೃದಯವನ್ನೂ ಯಕೃತ್ತನ್ನೂ ಒಟ್ಟಿಗೇ ಕಸಿ ಮಾಡಿದರು. ಹೊಸ ಯಕೃತ್ತು ತನ್ನ ರಿಸೆಪ್ಟರುಗಳೊಂದಿಗೇ ಬಂತು, ಅವಳ ಎಲ್‌ಡಿಎಲ್ ಸುಮಾರು 80 ಪ್ರತಿಶತ ಇಳಿಯಿತು. ಅವಳು 1990ರವರೆಗೆ ಬದುಕಿದಳು. ಅವಳ ಬಗ್ಗೆ ಓದಿದಾಗ ನನ್ನ ಮಗಳಿಗೆ ಒಂಬತ್ತು ವರ್ಷ.

ಇನ್ನು ಮಾತ್ರೆಯ ವಿಷಯ. ಜಪಾನಿನ ಅಕಿರಾ ಎಂಡೋ ಆರು ಸಾವಿರಕ್ಕೂ ಹೆಚ್ಚು ಬೂಷ್ಟು, ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವನ್ನು ತಡೆಯುವ ವಸ್ತುವೊಂದನ್ನು 1973ರಲ್ಲಿ ಕಂಡುಕೊಂಡರು. ಅದು ಸಿಕ್ಕಿದ್ದು ಅಕ್ಕಿಗೆ ಹಿಡಿಯುವ ಒಂದು ನೀಲಿಹಸಿರು ಬೂಷ್ಟಿನಲ್ಲಿ. ಆ ದಾರಿಯಲ್ಲೇ ಸ್ಟ್ಯಾಟಿನ್‌ಗಳು ಬಂದವು, ಮೊದಲನೆಯದು 1987ರಲ್ಲಿ ಮಾರುಕಟ್ಟೆಗೆ. ಸ್ಟ್ಯಾಟಿನ್ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುತ್ತದೆ ಎಂದಷ್ಟೇ ನಾನು ಅಂದುಕೊಂಡಿದ್ದೆ. ನಿಜವಾದ ಕೆಲಸ ಆಗುವುದು ಅದರ ನಂತರ. ಒಳಗೆ ತಯಾರಿಕೆ ನಿಂತಾಗ ಯಕೃತ್ತಿನ ಕೋಶಕ್ಕೆ ಬರ ಬಿದ್ದಂತಾಗುತ್ತದೆ. ಅದು ರಕ್ತದಿಂದಲೇ ಎಳೆದುಕೊಳ್ಳಲು ಹೆಚ್ಚು ಹೆಚ್ಚು ರಿಸೆಪ್ಟರ್ ಮಾಡಿ ಮೇಲ್ಮೈಗೆ ಕಳಿಸುತ್ತದೆ.

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ನನ್ನ ಅಪ್ಪನಿಂದ ಬಂದದ್ದು ಕೆಟ್ಟ ಪ್ರತಿ. ಅಂದರೆ ನನ್ನ ಮೈಯಲ್ಲಿ ಕೆಲಸ ಮಾಡುತ್ತಿರುವ ರಿಸೆಪ್ಟರುಗಳೆಲ್ಲ ಅಮ್ಮ ಕೊಟ್ಟ ಪ್ರತಿಯಿಂದ ಹುಟ್ಟಿದವು. 37 ವರ್ಷ ನನ್ನ ರಕ್ತ ಅಷ್ಟಾದರೂ ತಿಳಿಯಾಗಿ ಹರಿದಿದ್ದರೆ ಅದು ಅವಳದೇ ಬಲದಿಂದ. ಈಗ ನಾನು ರಾತ್ರಿ ನುಂಗುವ ಮಾತ್ರೆ ಮಾಡುವುದೂ ಇಷ್ಟೇ, ಅಮ್ಮನ ಆ ಒಂದು ಪ್ರತಿಯ ಕೈಯಲ್ಲಿ ಎರಡಾಳಿನ ಕೆಲಸ ಮಾಡಿಸುವುದು. ಸ್ಟ್ಯಾಟಿನ್ ಜೊತೆ ಇನ್ನೊಂದು ಮಾತ್ರೆಯೂ ಸೇರಿ, ನನ್ನ ಎಲ್‌ಡಿಎಲ್ ಈಗ 118ರಲ್ಲಿದೆ. ಇನ್ನೂ ಇಳಿಯಬೇಕು. ರಿಸೆಪ್ಟರನ್ನು ಬೇಗ ನಾಶ ಮಾಡುವ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು 2015ರಿಂದ ಬಂದಿವೆ. ಬೇಕಾದರೆ ಅದನ್ನೂ ನೋಡೋಣ ಎಂದಿದ್ದಾರೆ ವೈದ್ಯರು.

ಒಬ್ಬರಲ್ಲಿ ಪತ್ತೆಯಾದರೆ ಮನೆಮಂದಿಯನ್ನೆಲ್ಲ ಪರೀಕ್ಷಿಸಬೇಕು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇದಿದೆ, ಬಹುಪಾಲು ಜನರಿಗೆ ತಮಗೆ ಇದೆಯೆಂದೇ ತಿಳಿದಿರುವುದಿಲ್ಲ. ನಾನು ಫೋನು ಹಿಡಿದು ಕೂತೆ. ದೊಡ್ಡಪ್ಪನ ಮಗ ಮೊದಲು ನಕ್ಕ, ಆಮೇಲೆ ಮಾಡಿಸಿದ, ಅವನದು 290. ಅತ್ತೆಯ ಮಗನದು 244. ಅವನ ಮಗನಿಗೆ ನನ್ನ ತಂಗಿಯ ಮಗಳನ್ನು ತರುವ ಮಾತು ನಮ್ಮ ಕಡೆ ಸಹಜವಾಗಿಯೇ ಓಡಾಡುತ್ತಿತ್ತು. ಸಂಬಂಧದೊಳಗಿನ ಮದುವೆ ನಮ್ಮಲ್ಲಿ ಹೊಸದೇನಲ್ಲ. ಎರಡೂ ಕಡೆ ಇದೇ ಜೀನ್ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ, ಅಂದರೆ ಸ್ಟಾರ್ಮಿ ಜೋನ್ಸ್. ಜಾತಕ ನೋಡುವ ಮೊದಲು ಇಬ್ಬರ ಎಲ್‌ಡಿಎಲ್ ನೋಡಿ ಎಂದು ನಾನು ಹೇಳಿದ್ದು ಕೆಲವರಿಗೆ ಹಿಡಿಸಲಿಲ್ಲ. ಹಿಡಿಸದಿದ್ದರೂ ಮತ್ತೆ ಹೇಳುತ್ತೇನೆ.

ನನ್ನ ಮಕ್ಕಳಿಬ್ಬರದೂ ಮಾಡಿಸಿದೆವು. ಐದು ವರ್ಷದ ಮಗನದು 84. ಒಂಬತ್ತರ ಮಗಳದು 198. ಆ ಹಾಳೆ ಹಿಡಿದು ಲ್ಯಾಬಿನ ಮೆಟ್ಟಿಲ ಮೇಲೆ ಹೆಂಡತಿಯೂ ನಾನೂ ಎಷ್ಟು ಹೊತ್ತು ಕೂತಿದ್ದೆವೋ. ನನಗೆ ಹಿಡಿದುಕೊಳ್ಳಲು ಸಿಕ್ಕಿದ್ದು 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನ. ಈ ಕಾಯಿಲೆಯ 214 ಮಕ್ಕಳಿಗೆ ಚಿಕ್ಕಂದಿನಲ್ಲೇ ಸ್ಟ್ಯಾಟಿನ್ ಕೊಟ್ಟು 20 ವರ್ಷ ಹಿಂಬಾಲಿಸಿದ್ದರು. 39ನೇ ವಯಸ್ಸಿನ ಹೊತ್ತಿಗೆ ಅವರಲ್ಲಿ ನೂರಕ್ಕೆ ಒಬ್ಬರಿಗೆ ಹೃದಯದ ತೊಂದರೆ ಕಾಣಿಸಿತ್ತು. ಕಾಯಿಲೆಯನ್ನು ಅವರಿಗೆ ದಾಟಿಸಿದ, ಸ್ಟ್ಯಾಟಿನ್ ಬರುವ ಮೊದಲೇ ಬೆಳೆದ ತಂದೆ ತಾಯಂದಿರಲ್ಲಿ ಅದೇ ವಯಸ್ಸಿಗೆ ನೂರಕ್ಕೆ 26 ಮಂದಿಗೆ. ಮಕ್ಕಳಲ್ಲಿ ಹೃದಯಕ್ಕಾಗಿ ಒಬ್ಬರೂ ಸತ್ತಿರಲಿಲ್ಲ. ಮಗಳಿಗೆ ಹತ್ತು ತುಂಬಿದ ಮೇಲೆ ಮಾತ್ರೆ ಶುರುವಾಯಿತು. ಅವಳ ಹಿಮ್ಮಡಿ ಇನ್ನೂ ದಾರದಂತೆ ತೆಳ್ಳಗಿದೆ. ತಿಂಗಳಿಗೊಮ್ಮೆ, ಅವಳು ಟಿವಿ ನೋಡುವಾಗ, ಸುಮ್ಮನೆ ಕಾಲು ಒತ್ತುವ ನೆಪದಲ್ಲಿ ಮುಟ್ಟಿ ನೋಡುತ್ತೇನೆ.

ಅಮ್ಮನಿಗೆ ಹೇಳಲು ಊರಿಗೆ ಹೋಗಿದ್ದು ಆ ವರ್ಷದ ಮಾರ್ಚಿನಲ್ಲಿ, ಅಪ್ಪನ ತಿಥಿಗೆ. ಊಟವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಜಗಲಿಯಲ್ಲಿ ಬಾಳೆಲೆ ಒರೆಸಿಡುತ್ತಿದ್ದ ಅವಳ ಪಕ್ಕ ಕೂತು, ವೈದ್ಯರ ಹಾಗೆಯೇ ಒಂದು ವೃತ್ತ ಬರೆದು, ಕೊಕ್ಕೆ ಬಿಡಿಸಿ ಎಲ್ಲ ಹೇಳಿದೆ. ಅಪ್ಪನ ಹಿಮ್ಮಡಿಯ ಗಂಟು, ಅಜ್ಜ, ದೊಡ್ಡಪ್ಪ. ನನ್ನೊಳಗೆ ದುಡಿಯುತ್ತಿರುವುದು ನೀನು ಕೊಟ್ಟ ಪ್ರತಿ ಎಂದೂ ಹೇಳಿದೆ. ಅವಳು ಅದಕ್ಕೇನೂ ಅನ್ನಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ಆಮೇಲೆ, ನನ್ನ ಕಡೆ ನೋಡದೆಯೇ, ಅಂದಳು:

"ಆ ದಿನ ತುಪ್ಪ ಇರಲೇ ಇಲ್ಲ ಕಣೋ. ಹಿಂದಿನ ದಿನವೇ ಮುಗಿದಿತ್ತು. ಬರೀ ಸಾರು ಅನ್ನ ಉಂಡಿದ್ದರು."

27 ವರ್ಷದಿಂದ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ.